ಮೈಯೊಳಗಿನ ಯಂತ್ರ, ಮನೆಯೊಳಗಿನ ಜನ

ಋಗ್ವೇದದ ಮೊದಲನೆಯ ಮಂಡಲದಲ್ಲಿ ವಿಶ್ಪಲೆಯ ಪ್ರಸ್ತಾಪವುಂಟು. ಸಂಪ್ರದಾಯದ ವ್ಯಾಖ್ಯಾನದಂತೆ, ಖೇಲನ ಕಡೆಯವಳಾದ ಆಕೆಯ ಕಾಲು ಕಾಳಗದಲ್ಲಿ ತುಂಡಾಯಿತು. ದೇವವೈದ್ಯರಾದ ಅಶ್ವಿನೀದೇವತೆಗಳು ಇರುಳಿನಲ್ಲೇ ಬಂದು ಆಕೆಗೆ ಲೋಹದ ಕಾಲನ್ನು ಜೋಡಿಸಿದರು. ಆಕೆ ಮತ್ತೆ ನಡೆದಳು. ಋಷಿ ಇಷ್ಟನ್ನು ಹೇಳಿ ಮುಂದಿನ ಸ್ತುತಿಗೆ ಹೊರಟುಬಿಡುತ್ತಾನೆ. ಆ ಕಾಲಿನೊಡನೆ ಆಕೆ ಮನೆಗೆ ಮರಳಿದಾಗ ಅತ್ತೆ ಏನೆಂದಳು, ಗಂಡ ಏನೆಂದ, ನೆರೆಯವರು ಬಾಗಿಲ ಮರೆಯಲ್ಲಿ ನಿಂತು ಏನು ಪಿಸುಗುಟ್ಟಿದರು ಎಂಬ ಮಾತೇ ಅಲ್ಲಿಲ್ಲ. ದೇವತೆಗಳ ಕೆಲಸ ಕಾಲು ಜೋಡಿಸಿದಲ್ಲಿಗೆ ಮುಗಿಯಿತು. ಮನೆಯವರ ಕೆಲಸ ಅಲ್ಲಿಂದಲೇ ಮೊದಲಾಗಿರಬೇಕು.

ಅದು ಪುರಾತನ ಕಾಲದ ಮಾತು. ಇಂದು ಮಧ್ಯಮವರ್ಗದ ಯಾವ ಬೀದಿಗೆ ಹೋದರೂ ಮೈಯೊಳಗೆ ಯಂತ್ರ ಹೊತ್ತವರು ಒಬ್ಬಿಬ್ಬರಾದರೂ ಸಿಕ್ಕುತ್ತಾರೆ. ಒಬ್ಬರ ಕೊರಳೆಲುಬಿನ ಕೆಳಗೆ ಹೃದಯವನ್ನು ನಡೆಸುವ ಪೇಸ್‌ಮೇಕರ್. ಒಂದು ಮಗುವಿನ ಕಿವಿಯ ಹಿಂದೆ ಶಬ್ದವನ್ನು ವಿದ್ಯುತ್ತಾಗಿಸುವ ಕಾಕ್ಲಿಯರ್ ಇಂಪ್ಲಾಂಟ್. ಮತ್ತೊಬ್ಬರ ಮಿದುಳಿನಲ್ಲಿ ಕೈಯ ನಡುಕವನ್ನು ಅಡಗಿಸುವ ತಂತಿ. ಶಸ್ತ್ರವೈದ್ಯನಿಗೆ ಇದು ಕೆಲವು ಗಂಟೆಗಳ ಕೆಲಸ. ಹೆಂಡತಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ, ಗೆಳೆಯರಿಗೆ ಅದು ವರ್ಷಗಳ ಬಾಳು. ಯಂತ್ರದ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಆ ಮನೆಯವರ ಚರಿತ್ರೆಯೂ ಅಷ್ಟೇ ಸ್ವಾರಸ್ಯವಾದದ್ದು.

ಪೇಸ್‌ಮೇಕರಿನ ಕಥೆ ಆರಂಭವಾಗುವುದೇ ಒಬ್ಬ ಹೆಂಡತಿಯ ಹಟದಿಂದ. 1958ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ಗೃಹಸ್ಥ ಆಸ್ಪತ್ರೆ ಸೇರಿದ್ದ. ಸೋಂಕಿನ ಫಲವಾಗಿ ಅವನ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹರಿಯಬೇಕಾದ ವಿದ್ಯುತ್ಸಂದೇಶ ಕಡಿದುಹೋಗಿತ್ತು. ನಾಡಿ ನಿಧಾನವಾಗುವುದು, ನಿಂತಂತಾಗುವುದು, ಮೂರ್ಛೆ ಬರುವುದು, ಮತ್ತೆ ಹೇಗೋ ಎಚ್ಚರವಾಗುವುದು; ದಿನವೊಂದಕ್ಕೆ ಇಪ್ಪತ್ತು ಮೂವತ್ತು ಬಾರಿ ಇದೇ ಪಾಡು. ಆಸೆಯಿಟ್ಟುಕೊಳ್ಳಲು ಹೆಚ್ಚು ಕಾರಣವಿರಲಿಲ್ಲ.

ಅವನ ಹೆಂಡತಿ ಎಲ್ಸೆ ಮರಿಯೆ ಮಾತ್ರ ಸುಮ್ಮನಿರಲಿಲ್ಲ. ಕರೋಲಿನ್‌ಸ್ಕಾ ಆಸ್ಪತ್ರೆಯ ಶಸ್ತ್ರವೈದ್ಯ ಓಕೆ ಸೆನಿಂಗನೂ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟನೂ ಕೂಡಿ ಹೃದಯಕ್ಕೆ ಮಿಡಿತ ಕೊಡುವ ಉಪಕರಣವೊಂದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆಂಬ ಸುದ್ದಿ ಆಕೆಗೆ ತಿಳಿಯಿತು. ಮನುಷ್ಯರಿಗೆ ಹಾಕಬಲ್ಲ ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂದು ಅವರಿಬ್ಬರೂ ಹೇಳಿದರು. ಹಾಗಾದರೆ ಸಿದ್ಧಮಾಡಿ ಎಂಬುದು ಆಕೆಯ ಉತ್ತರ. ಆಸ್ಪತ್ರೆಗೂ ಪ್ರಯೋಗಶಾಲೆಗೂ ನಡುವೆ ಅಲೆದು, ಇಬ್ಬರನ್ನೂ ಬೆನ್ನುಹತ್ತಿ, ಕಡೆಗೆ ಒಪ್ಪಿಸಿದಳು. ಸಾವಿತ್ರಿ ಯಮನ ಹಿಂದೆ ನಡೆದಳೆಂದು ನಮ್ಮ ಹೆಂಗಸರು ಇಂದಿಗೂ ಕಥೆ ಹೇಳುತ್ತಾರೆ. ಈಕೆ ವೈದ್ಯನ ಹಿಂದೆ ನಡೆದಳು.

1958ರ ಅಕ್ಟೋಬರ್ 8ರ ಸಂಜೆ, ಶಸ್ತ್ರಶಾಲೆಯಲ್ಲಿ ಜನಸಂಚಾರ ಇಲ್ಲದ ಹೊತ್ತಿನಲ್ಲಿ, ಸೆನಿಂಗ್ ಆ ಯಂತ್ರವನ್ನು ಲಾರ್ಸನ್ನನ ಮೈಯೊಳಗೆ ಹೊಲಿದ. ಷೂ ಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಇಟ್ಟುಕೊಂಡು ಎಪಾಕ್ಸಿಯಲ್ಲಿ ಎರಕ ಹೊಯ್ದ ಬಿಲ್ಲೆ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು. ಇಟ್ಟುಕೊಂಡಿದ್ದ ಎರಡನೆಯದನ್ನು ಹಾಕಿದರು. ಅದೂ ಬಹುಕಾಲ ಬಾಳಲಿಲ್ಲ. ಆದರೆ ದಾರಿ ತೆರೆದಿತ್ತು. ಲಾರ್ಸನ್ ತನ್ನ ಜೀವಮಾನದಲ್ಲಿ ಒಟ್ಟು 26 ಪೇಸ್‌ಮೇಕರುಗಳನ್ನು ಹೊತ್ತ. ಯಂತ್ರವನ್ನು ಮಾಡಿದ ಎಲ್ಮ್‌ಕ್ವಿಸ್ಟ್ 1996ರಲ್ಲಿ ತೀರಿಕೊಂಡ. ಅದನ್ನು ಹೊಲಿದ ಸೆನಿಂಗ್ 2000ದಲ್ಲಿ. ಹೊತ್ತವನು ಇಬ್ಬರನ್ನೂ ದಾಟಿ, 2001ರ ಡಿಸೆಂಬರಿನಲ್ಲಿ, 86ನೆಯ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧಪಡದ ಅರ್ಬುದ ರೋಗದಿಂದ ಕಣ್ಣುಮುಚ್ಚಿದ.

ಅದೇ ಕಾಲದಲ್ಲಿ ಅಮೆರಿಕದ ಬಫಲೋ ನಗರದ ಹತ್ತಿರ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಂಜಿನಿಯರ್ ಇದ್ದ ನೌಕರಿಯನ್ನು ಬಿಟ್ಟು, ಕೈಯಲ್ಲಿದ್ದ 2,000 ಡಾಲರ್ ನಂಬಿಕೊಂಡು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಪೇಸ್‌ಮೇಕರ್ ಮಾಡತೊಡಗಿದ. ಯಂತ್ರದ ಬಿಡಿಭಾಗಗಳನ್ನು ಕಾಯಿಸಿ ಪರೀಕ್ಷಿಸುವ ಒಲೆಗಳು ಗಂಡಹೆಂಡಿರು ಮಲಗುವ ಕೋಣೆಯಲ್ಲೇ ಇದ್ದುವು. ಹೆಂಡತಿ ಎಲೆನರ್ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಮರದ ಪೆನ್ಸಿಲಿನಿಂದ ತಟ್ಟಿ, ಪೆಟ್ಟಿಗೆ ಬೆದರುವುದು ಯಾವುದು, ಬೆದರದಿರುವುದು ಯಾವುದು ಎಂದು ಬೇರ್ಪಡಿಸುತ್ತಿದ್ದಳು. 1960ರಲ್ಲಿ ಗ್ರೇಟ್‌ಬ್ಯಾಚನ ಯಂತ್ರ ರೋಗಿಯೊಬ್ಬನ ಎದೆ ಸೇರಿತು. ಲಕ್ಷಾಂತರ ಮಂದಿಯ ಆಯುಸ್ಸನ್ನು ಹೆಚ್ಚಿಸಿದ ಯಂತ್ರದ ಹಿಂದೆ ಹೀಗೆ ಒಬ್ಬ ಹೆಂಡತಿಯ ಹಟವೂ ಮತ್ತೊಬ್ಬ ಹೆಂಡತಿಯ ತಾಳ್ಮೆಯೂ ಇವೆ.

* * *

ಈಗ ನಮ್ಮ ಕಡೆಗೆ ಬರೋಣ. ಬಸವನಗುಡಿಯಲ್ಲೋ ಸರಸ್ವತೀಪುರದಲ್ಲೋ ಒಂದು ಮನೆ ಎಂದಿಟ್ಟುಕೊಳ್ಳಬಹುದು. ನಿವೃತ್ತರಾದ ಯಜಮಾನರಿಗೆ ಪೇಸ್‌ಮೇಕರ್ ಹಾಕಿದೆ. ಆಸ್ಪತ್ರೆಯಿಂದ ಬಂದ ಮಾರನೆಯ ದಿನದಿಂದ ನೆಂಟರಿಷ್ಟರ ದಂಡು. ಪ್ರತಿಯೊಬ್ಬರ ಕೈಯಲ್ಲೂ ಕಿತ್ತಳೆಹಣ್ಣು, ಪ್ರತಿಯೊಬ್ಬರ ಬಾಯಲ್ಲೂ ಬುದ್ಧಿವಾದ.

"ಭಾವ, ನೀವು ಕುರ್ಚಿಯಿಂದ ಏಳಲೇಕೂಡದು," ಎನ್ನುತ್ತಾನೆ ಭಾವಮೈದುನ. "ಅಣ್ಣಾ, ಮಿಕ್ಸಿ ತಿರುಗುವಾಗ ಅಡಿಗೆಮನೆಯ ಕಡೆ ಸುಳಿಯಬೇಡ," ಎನ್ನುತ್ತಾಳೆ ತಂಗಿ. ಹಳೆಯ ಸಹೋದ್ಯೋಗಿ, ನಿತ್ಯವೂ ಪಾರ್ಕಿನಲ್ಲಿ ಜೊತೆಗೆ ನಡೆಯುತ್ತಿದ್ದವರು, ಇನ್ನು ಮುಂದೆ ಅವರನ್ನು ಕರೆಯದಿರುವುದೇ ಸೌಜನ್ಯವೆಂದು ತೀರ್ಮಾನಿಸಿ ಒಬ್ಬರೇ ನಡೆಯುತ್ತಾರೆ. ಹೆಂಡತಿ ನಡುರಾತ್ರಿಯಲ್ಲಿ ಎದ್ದು, ದೀಪ ಹಾಕದೆ, ಗಂಡನ ಉಸಿರಾಟವನ್ನು ಆಲಿಸುತ್ತಾಳೆ. ಮನೆಯಲ್ಲಿ ನೇರವಾದ ಪ್ರಶ್ನೆ ಕೇಳುವವನು ಮೊಮ್ಮಗನೊಬ್ಬನೇ: "ತಾತ, ಬ್ಯಾಟರಿ ಮುಗಿದುಹೋದರೆ ಏನು ಮಾಡುತ್ತೀರಿ?"

ಉತ್ತರ ಕೊಡಲು ಯೋಗ್ಯವಾದ ಪ್ರಶ್ನೆ ಅದು. ಇಂದಿನ ಪೇಸ್‌ಮೇಕರ್ ಸುಮಾರು 20ರಿಂದ 30 ಗ್ರಾಂ ತೂಗುವ ಮುಚ್ಚಿದ ಪೆಟ್ಟಿಗೆ. ಅದರ ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬರುತ್ತದೆ. ಒಂದು ದಿನ ಹಠಾತ್ತಾಗಿ ಆರಿಹೋಗುವ ದೀಪವಲ್ಲ. ಕುಗ್ಗುತ್ತಿರುವ ಸೂಚನೆ ನಿಯತಕಾಲದ ತಪಾಸಣೆಯಲ್ಲಿ ಎಷ್ಟೋ ಮುಂಚೆಯೇ ಕಾಣಿಸುತ್ತದೆ. ಆಗ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ಪೆಟ್ಟಿಗೆಯನ್ನು ಬದಲಾಯಿಸುತ್ತಾರೆ. ತಂತಿಗಳು ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳುತ್ತಾರೆ. ಮಿಕ್ಸಿಯಿಂದಲೂ ಟಿ.ವಿ.ಯಿಂದಲೂ ಭಯವಿಲ್ಲ. ಮೊಬೈಲ್ ಫೋನನ್ನು ಯಂತ್ರದಿಂದ 15 ಸೆಂಟಿಮೀಟರು ದೂರವಿಟ್ಟು, ಎದುರು ಕಡೆಯ ಕಿವಿಯಲ್ಲಿ ಮಾತಾಡಿದರಾಯಿತು. ಯಂತ್ರವಿರುವ ಕಡೆಯ ಜೇಬಿನಲ್ಲಿ ಇಡಬಾರದು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲುವುದು ಒಳ್ಳೆಯದು. ವಿಮಾನನಿಲ್ದಾಣದ ತಪಾಸಣೆಯಲ್ಲಿ ಗುರುತಿನ ಚೀಟಿಯನ್ನು ತೋರಿಸಬೇಕು. ಮೊದಲ ಕೆಲವು ವಾರ ಆ ಕಡೆಯ ತೋಳನ್ನು ಹೆಗಲಿಗಿಂತ ಮೇಲೆತ್ತಬಾರದು. ಇಷ್ಟೇ ನಿಯಮ. ಗಾಯ ಮಾಗಿ ವೈದ್ಯರು ಒಪ್ಪಿದ ಮೇಲೆ ಯಜಮಾನರು ನಡೆಯಬಹುದು, ತರಕಾರಿ ತರಬಹುದು, ಮದುವೆಮನೆಯಲ್ಲಿ ಓಡಾಡಬಹುದು.

ಆದರೂ ಮನೆಯವರು ಅವರ ಕೈಯಿಂದ ಚೀಲವನ್ನು ಕಸಿದುಕೊಳ್ಳುತ್ತಾರೆ. ಇದರ ಹಿಂದೆ ಇರುವುದು ಪ್ರೀತಿಯೇ. ಆದರೆ ಪ್ರೀತಿಯಿಂದ ಕಟ್ಟಿದ ಹಗ್ಗವೂ ಹಗ್ಗವೇ. ಯಂತ್ರ ಹಾಕಿಸಿದ್ದು ಮನುಷ್ಯನು ನಡೆಯಲೆಂದು. ಯಂತ್ರವಿದೆಯೆಂಬ ಕಾರಣಕ್ಕೇ ಅವನನ್ನು ಕೂಡಿಸಿಬಿಟ್ಟರೆ ಯಾರಿಗೆ ಲಾಭ? ಪಾರ್ಕಿನ ಗೆಳೆಯರು ಮಾರನೆಯ ಬೆಳಿಗ್ಗೆ ಗೇಟಿನ ಬಳಿ ಬಂದು, "ಏನು ರಾಯರೇ, ಹೊರಡೋಣವೇ?" ಎಂದರೆ ಅದು ಕಿತ್ತಳೆಹಣ್ಣಿಗಿಂತ ದೊಡ್ಡ ಉಪಕಾರ.

* * *

ಹೃದಯದ ಯಂತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಿವಿಯದು ಹಾಗಲ್ಲ. ಅದರ ಅರ್ಧ ಭಾಗ ಹೊರಗೇ ಇರುತ್ತದೆ: ಕಿವಿಯ ಹಿಂದೆ ಶಬ್ದವನ್ನು ಹಿಡಿದು ಸಂಕೇತವಾಗಿಸುವ ಉಪಕರಣ, ತಲೆಗೆ ಅಯಸ್ಕಾಂತದಿಂದ ಅಂಟಿಕೊಂಡ ಒಂದು ಬಿಲ್ಲೆ. ತೊಗಲಿನ ಕೆಳಗಿನ ಭಾಗ ಆ ಸಂಕೇತವನ್ನು ಪಡೆದು, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಳಗಿವಿಗೆ ತೂರಿಸಿದ ತಂತಿಗಳ ಮೂಲಕ ಶ್ರವಣನರವನ್ನು ನೇರವಾಗಿ ಎಬ್ಬಿಸುತ್ತದೆ.

ಈ ಯಂತ್ರವನ್ನು ರೂಪಿಸಿದವರಲ್ಲಿ ಪ್ರಮುಖನಾದ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕನ ತಂದೆ ಔಷಧದಂಗಡಿ ಇಟ್ಟುಕೊಂಡಿದ್ದ. ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ನಾಚಿಕೊಂಡು ಮೆಲ್ಲಗೆ ಕೇಳಿದ್ದನ್ನು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿಸಬೇಕಾಗುತ್ತಿತ್ತು. ಬಾಲಕ ಕ್ಲಾರ್ಕ್ ಅದನ್ನು ನೋಡುತ್ತ ಬೆಳೆದ. ಮುಂದೆ ಮೆಲ್ಬರ್ನಿನಲ್ಲಿ ಪ್ರಾಧ್ಯಾಪಕನಾದಾಗ ಅವನನ್ನು ಕಾಡಿದ ತೊಡಕು, ಮೆತ್ತಗಿನ ತಂತಿಯನ್ನು ಆ ಸುರುಳಿಯೊಳಗೆ ಹಾಯಿಸುವುದು ಹೇಗೆಂಬುದು. 1977ರಲ್ಲಿ ಹೆಂಡತಿ ಮಕ್ಕಳೊಡನೆ ಸಮುದ್ರತೀರಕ್ಕೆ ಹೋಗಿದ್ದಾಗ, ಸಿಕ್ಕಿದ ಚಿಪ್ಪೊಂದರೊಳಗೆ ಹುಲ್ಲಿನ ಎಸಳುಗಳನ್ನು ತೂರಿಸಿ ನೋಡಿದ. ಬುಡದಲ್ಲಿ ಗಡುಸಾಗಿ ತುದಿಯಲ್ಲಿ ಮೆತ್ತಗಿರುವ ಎಸಳು ಸುರುಳಿಯ ಒಳಕ್ಕೆ ಸರಾಗವಾಗಿ ಹೋಯಿತು. ತಂತಿಯನ್ನೂ ಹಾಗೆಯೇ ಮಾಡಿಸಿದ. 1978ರ ಆಗಸ್ಟ್ 1ರಂದು, ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಎಂಬವನಿಗೆ ಮೊದಲ ಯಂತ್ರವನ್ನು ಅಳವಡಿಸಿದ. ಪರೀಕ್ಷೆಯಲ್ಲಿ ಸಾಂಡರ್ಸ್ ಮಾತುಗಳನ್ನು ಗುರುತಿಸಿದಾಗ ಕ್ಲಾರ್ಕ್ ಪಕ್ಕದ ಕೋಣೆಗೆ ಹೋಗಿ ಆನಂದದಿಂದ ಅತ್ತನಂತೆ.

ಮಾತನ್ನೇ ಕೇಳದೆ ಹುಟ್ಟಿದ ಮಗುವಿನ ವಿಷಯ ಬೇರೆ. ಯಂತ್ರವನ್ನು ಚಾಲೂ ಮಾಡಿದ ಕ್ಷಣದಲ್ಲಿ ಮಗು "ಅಮ್ಮಾ" ಎನ್ನುವುದಿಲ್ಲ. ಎಷ್ಟೋ ವೇಳೆ ಬೆಚ್ಚಿಬಿದ್ದು ಅಳುತ್ತದೆ. ಅದಕ್ಕೆ ಕೇಳಿಸುವುದು ಅರ್ಥವಿಲ್ಲದ ಸದ್ದು. ಬಾಗಿಲು ತಟ್ಟಿದ ಸದ್ದು ಯಾವುದು, ಕುಕ್ಕರಿನ ಸೀಟಿ ಯಾವುದು, ತನ್ನ ಹೆಸರು ಯಾವುದು ಎಂಬುದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಲಿಸಬೇಕು. ಕಲಿಸುವವಳು ಬಹುಮಟ್ಟಿಗೆ ತಾಯಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ಮಕ್ಕಳೊಡನೆ ತಾಯಂದಿರೂ ಕುಳಿತು ಕಲಿಯುತ್ತಾರೆ. ಕೇಂದ್ರ ಸರ್ಕಾರ 2014ರಲ್ಲಿ ತನ್ನ ನೆರವಿನ ಯೋಜನೆಯನ್ನು ಪರಿಷ್ಕರಿಸಿ, ಬಡಮಕ್ಕಳ ಇಂತಹ ಒಂದೊಂದು ಯಂತ್ರಕ್ಕೆ 6 ಲಕ್ಷ ರೂಪಾಯಿವರೆಗೆ ಕೊಡಲು ಒಪ್ಪಿತು. ಹಣ ಸರ್ಕಾರದಿಂದ ಬರಬಹುದು. ಆದರೆ ಊರು ಬಿಟ್ಟು, ಬೇರೆ ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ ಬಂದು ಕೂಡುವ ತಾಯಿಯ ಕಾಲವನ್ನು ಯಾವ ಸರ್ಕಾರ ಕೊಟ್ಟೀತು? "ಯಂತ್ರ ಹಾಕಿಸಿ ಇಷ್ಟು ದಿನವಾಯಿತು, ಇನ್ನೂ ಮಾತು ಬರಲಿಲ್ಲವಲ್ಲ!" ಎಂದು ಮದುವೆಮನೆಯಲ್ಲಿ ಕೇಳುವ ದೊಡ್ಡಮ್ಮಂದಿರಿಗೆ ಈ ಸಂಗತಿ ಗೊತ್ತಿರಬೇಕು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೈಸನ್ನೆಯ ಭಾಷೆಯನ್ನೇ ತಾಯ್ನುಡಿಯಾಗಿ ಉಳ್ಳ ಕಿವುಡರ ಸಮಾಜಗಳಿವೆ. ತಾವು ರೋಗಿಗಳಲ್ಲ, ಬೇರೆ ನುಡಿಯವರು ಎಂಬುದು ಅವರ ನಿಲುವು. 1990ರಲ್ಲಿ ಅಮೆರಿಕ ಸರ್ಕಾರ ಎರಡು ವರ್ಷ ತುಂಬಿದ ಮಕ್ಕಳಿಗೆ ಈ ಯಂತ್ರವನ್ನು ಹಾಕಲು ಅನುಮತಿಯಿತ್ತಾಗ, ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಮರುವರ್ಷವೇ ಅದನ್ನು ಬಲವಾಗಿ ಖಂಡಿಸಿತು. 2000ದಲ್ಲಿ ಬೆಳಕಿಗೆ ಬಂದ 'ಸೌಂಡ್ ಅಂಡ್ ಫ್ಯೂರಿ' ಎಂಬ ಸಾಕ್ಷ್ಯಚಿತ್ರ ಈ ಜಗಳವನ್ನು ಒಂದೇ ಮನೆತನದೊಳಗೆ ತೋರಿಸಿತು. ಅಣ್ಣತಮ್ಮಂದಿರಿಬ್ಬರು, ಒಬ್ಬನಿಗೆ ಕಿವಿ ಕೇಳಿಸುತ್ತದೆ, ಒಬ್ಬನಿಗೆ ಇಲ್ಲ. ಕೇಳಿಸುವವನು ತನ್ನ ಕಿವುಡು ಮಗುವಿಗೆ ಯಂತ್ರ ಹಾಕಿಸುತ್ತಾನೆ. ಕಿವುಡನ ಪುಟ್ಟ ಮಗಳು ತನಗೂ ಬೇಕೆನ್ನುತ್ತಾಳೆ. ತಂದೆತಾಯಿ ಯೋಚಿಸಿ, ಕೊನೆಗೆ ಬೇಡವೆನ್ನುತ್ತಾರೆ. ಕಿವಿ ಕೇಳಿಸುವ ಅಜ್ಜ ಅಜ್ಜಿಗೆ ಇದು ಮೊಮ್ಮಗಳಿಗೆ ಬಗೆದ ಅನ್ಯಾಯವಾಗಿ ಕಾಣುತ್ತದೆ. ಕಿವುಡು ಬಂಧುಗಳಿಗೆ ಯಂತ್ರ ಹಾಕಿಸುವುದೇ ದ್ರೋಹವಾಗಿ ಕಾಣುತ್ತದೆ.

ಆ ತಂದೆಯನ್ನು ಕಟುಕನೆನ್ನುವುದು ಸುಲಭ. ಅವನ ಅಂಜಿಕೆ ಬೇರೆ: ನಾಳೆ ಮಗಳು ಬಾಯಿಮಾತಿನ ಲೋಕಕ್ಕೆ ಹೋದರೆ ತನ್ನ ಕೈಗಳ ಮಾತು ಅವಳಿಗೆ ಬೇಡವಾದೀತೇ? ಇಂಗ್ಲಿಷ್ ಶಾಲೆಗೆ ಸೇರಿಸಿದ ಮೊಮ್ಮಗುವಿನೊಡನೆ ಮಾತು ಸಾಗದೆ ಮೌನವಾಗಿ ಕುಳಿತ ಕನ್ನಡದ ಅಜ್ಜಂದಿರಿಗೆ ಈ ಅಂಜಿಕೆ ಅಪರಿಚಿತವಲ್ಲ. ಕೆಲವು ವರ್ಷಗಳ ಮೇಲೆ ಆ ಮನೆಯ ನಿಲುವು ಬದಲಾಯಿತು. ಹುಡುಗಿ ಯಂತ್ರವನ್ನು ಪಡೆದಳು, ತಾಯಿಯೂ ಹಾಕಿಸಿಕೊಂಡಳು. ಆದರೂ ಮನೆಯಲ್ಲಿ ಕೈಸನ್ನೆ ನಿಲ್ಲಲಿಲ್ಲ. ಕಿವುಡರ ಸಂಘವೂ 2000ದಲ್ಲಿ ತನ್ನ ಹಳೆಯ ನಿಲುವನ್ನು ಸಡಿಲಿಸಿ, ಆಯ್ಕೆ ತಂದೆತಾಯಿಯರದೆಂದು ಒಪ್ಪಿತು.

* * *

ಯಂತ್ರ ಸೋತಾಗ ಮನೆಯವರು ದುಃಖಿಸುವುದು ಸಹಜ. ಯಂತ್ರ ಗೆದ್ದಾಗಲೂ ಮನೆ ಕದಲಬಹುದೆಂಬುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಪಾರ್ಕಿನ್ಸನ್ ರೋಗದಲ್ಲಿ ಕೈಕಾಲು ನಡುಗುತ್ತವೆ, ಮೈ ಮರಗಟ್ಟುತ್ತದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಬೆನಾಬಿದ್ ಎಂಬ ಶಸ್ತ್ರವೈದ್ಯ ಮಿದುಳಿನ ಆಳಕ್ಕೆ ತಂತಿಯಿಳಿಸಿ ನಿರಂತರವಾಗಿ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯನ್ನು ಆರಂಭಿಸಿದ. ನಡುಗುತ್ತಿದ್ದ ಕೈ ಗುಂಡಿಯೊತ್ತಿದೊಡನೆ ನಿಲ್ಲುವುದನ್ನು ಕಂಡವರು ಬೆರಗಾದರು.

ಪ್ಯಾರಿಸಿನ ವೈದ್ಯರು ಇಂತಹ 29 ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನವೂ ಒಂದೂವರೆ ಎರಡು ವರ್ಷಗಳ ನಂತರವೂ ಕೂರಿಸಿ ಮಾತಾಡಿಸಿ, ತಮ್ಮ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ಮೈ ಸುಧಾರಿಸಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ದಂಪತಿಗಳ ನಡುವೆ ವಿರಸ ತಲೆದೋರಿತ್ತು. ವರ್ಷಗಟ್ಟಲೆ ಉಣ್ಣಿಸಿ, ಉಡಿಸಿ, ಕೈಹಿಡಿದು ನಡೆಸಿದ್ದ ಸಂಗಾತಿಗೆ ಒಮ್ಮೆಲೇ ಕೆಲಸವಿಲ್ಲವಾಯಿತು. ಗುಣಹೊಂದಿದವನಿಗೆ ಆ ಕೈ ಈಗ ಬೇಡ. ತನ್ನಷ್ಟಕ್ಕೆ ತಾನು ಓಡಾಡುವ ಆಸೆ. ಬೇರೆ ಕೆಲವು ಮನೆಗಳಲ್ಲಿ ಇದರ ತಿರುವು: ಇನ್ನು ಗುಣವಾಯಿತಲ್ಲ, ಎಲ್ಲ ಹೊಣೆಯನ್ನೂ ಮೊದಲಿನಂತೆ ಹೊರಲಿ ಎಂದು ಸಂಗಾತಿಯ ಒತ್ತಾಯ, ಹೊರುವ ಮನಸ್ಸು ರೋಗಿಗೆ ಇನ್ನೂ ಬಂದಿಲ್ಲ. ರೋಗ ಆ ಮನೆಯಲ್ಲಿ ಹತ್ತು ಹದಿನೈದು ವರ್ಷ ನೆಂಟನಂತೆ ಕುಳಿತಿತ್ತು. ಎಲ್ಲರೂ ಅದರ ಸುತ್ತ ತಮ್ಮ ತಮ್ಮ ಜಾಗ ಮಾಡಿಕೊಂಡಿದ್ದರು. ನೆಂಟ ಎದ್ದುಹೋದ ಮೇಲೆ ಜಾಗವನ್ನು ಮತ್ತೆ ಹಂಚಿಕೊಳ್ಳಬೇಕಾಗುತ್ತದೆ. ಚಿಕಿತ್ಸೆಗೆ ಮುನ್ನ ರೋಗಿಯೊಬ್ಬನನ್ನೇ ಅಲ್ಲದೆ ಮನೆಯವರನ್ನೂ ಕೂರಿಸಿ ಮಾತಾಡುವುದು ಈ ಕಾರಣದಿಂದ ಅಗತ್ಯ.

ರೋಗವೇ ಇಲ್ಲದೆ ಯಂತ್ರ ಹಾಕಿಸಿಕೊಂಡವರೂ ಉಂಟು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೆವಿನ್ ವಾರ್ವಿಕ್ 1998ರಲ್ಲಿ ತೋಳಿನಲ್ಲಿ ಚಿಪ್ ಹುದುಗಿಸಿಕೊಂಡು, ಹತ್ತಿರ ಬಂದೊಡನೆ ಬಾಗಿಲು ತೆರೆಯುವಂತೆ ಮಾಡಿದ. 2002ರಲ್ಲಿ 100 ಸೂಜಿಮೊನೆಗಳ ಉಪಕರಣವನ್ನು ಮಣಿಕಟ್ಟಿನ ನರಕ್ಕೇ ಜೋಡಿಸಿಕೊಂಡ. ಆಮೇಲೆ ಹೆಂಡತಿ ಇರೇನಾಳೂ ತನ್ನ ತೋಳಿನ ನರಕ್ಕೆ ತಂತಿ ಹಾಕಿಸಿಕೊಂಡಳು. ಒಬ್ಬರು ಕೈ ಮುಚ್ಚಿದರೆ ಇನ್ನೊಬ್ಬರ ನರಕ್ಕೆ ಮಿಡಿತ ತಲಪುತ್ತಿತ್ತು. ಕಾಯಿಲೆಯವನನ್ನು ಕಂಡರೆ ಮರುಗುವ ಬಂಧುಬಳಗ ಇಂತಹವರನ್ನು ಕಂಡರೆ ನಗುತ್ತದೆ, ಇಲ್ಲವೇ ಹುಬ್ಬು ಗಂಟಿಕ್ಕುತ್ತದೆ. ಕಷ್ಟಕ್ಕೆ ಹಾಕಿಸಿಕೊಂಡ ಯಂತ್ರಕ್ಕೆ ಸಮಾಜದ ಕ್ಷಮೆಯುಂಟು. ಇಷ್ಟಕ್ಕೆ ಹಾಕಿಸಿಕೊಂಡದ್ದಕ್ಕೆ ಕಾರಣ ಹೇಳಬೇಕು. ಇರೇನಾ ಮಾತ್ರ ಕಾರಣ ಕೇಳುತ್ತ ಹೊರಗೆ ನಿಲ್ಲಲಿಲ್ಲ.

ಕಡೆಯದಾಗಿ, ಮನೆಯವರು ಮಾತಾಡಲು ಹಿಂಜರಿಯುವ, ಆದರೆ ಮಾತಾಡಲೇಬೇಕಾದ ಸಂಗತಿಯೊಂದುಂಟು. ಹೃದಯಬಡಿತ ಹದ ತಪ್ಪಿದಾಗ ಒಳಗಿಂದಲೇ ವಿದ್ಯುತ್ತಿನ ಪೆಟ್ಟು ಕೊಟ್ಟು ಸರಿಪಡಿಸುವ ಯಂತ್ರಗಳಿವೆ. ಬೇರೆ ಯಾವುದೋ ರೋಗ ಮುದುಕರನ್ನು ಕೊನೆಯ ಹಾಸಿಗೆಗೆ ತಂದಾಗಲೂ ಆ ಯಂತ್ರ ತನ್ನ ಕೆಲಸವನ್ನು ಬಿಡುವುದಿಲ್ಲ. ಸಾಯುತ್ತಿರುವ ಜೀವಕ್ಕೆ ಪೆಟ್ಟಿನ ಮೇಲೆ ಪೆಟ್ಟು ಕೊಟ್ಟೀತು. ಪೆಟ್ಟು ಕೊಡುವ ಭಾಗವನ್ನು ಕೊಯ್ಯದೆ, ನೋಯಿಸದೆ, ಹೊರಗಿನಿಂದಲೇ ನಿಲ್ಲಿಸಬಹುದು. ಯಾವಾಗ ನಿಲ್ಲಿಸಬೇಕೆಂಬುದನ್ನು ಹೊತ್ತವರು ಎಚ್ಚರವಾಗಿರುವಾಗಲೇ ಅವರ ಬಾಯಿಂದ ಕೇಳಿ ತಿಳಿದಿರುವುದು ಮಕ್ಕಳ ಕರ್ತವ್ಯ. ಅಪಶಕುನವೆಂದು ಆ ಮಾತನ್ನು ಮುಂದೂಡಿದರೆ ಸಂಕಟ ಪಡುವವರು ಹಾಸಿಗೆಯಲ್ಲಿರುವವರೇ.

ಆಮೇಲೆ ಚಿತೆ. ಪೇಸ್‌ಮೇಕರಿನ ಬ್ಯಾಟರಿ ಬೆಂಕಿಯ ಬಿಸಿಗೆ ಸಿಡಿಯುತ್ತದೆ. ಬ್ರಿಟನ್ನಿನ ದಹನಶಾಲೆಯೊಂದರಲ್ಲಿ ಹೀಗಾದುದು 1976ರಲ್ಲೇ ವರದಿಯಾಯಿತು. ದಹನಕ್ಕೆ ಮುನ್ನ ಅದನ್ನು ತೆಗೆಯಿಸಬೇಕು. ವೈದ್ಯರಿಗೆ ಅದು ಕೆಲವೇ ನಿಮಿಷಗಳ ಕೆಲಸ. ಸಾವಿನ ಮನೆಯ ಗಲಿಬಿಲಿಯಲ್ಲಿ, ಪುರೋಹಿತರು ಹೊತ್ತಾಯಿತೆನ್ನುವಾಗ, ದೂರದೂರಿನಿಂದ ಮಗ ಇನ್ನೂ ಬಂದಿಲ್ಲದಿರುವಾಗ, ಇದು ಯಾರ ನೆನಪಿಗೂ ಬರುವುದಿಲ್ಲ. ಆದುದರಿಂದ ಪೇಸ್‌ಮೇಕರಿನ ಚೀಟಿಯನ್ನು ಎಲ್ಲಿಟ್ಟಿದೆಯೆಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ಅಜ್ಜನ ಬ್ಯಾಟರಿಯ ವಿಷಯ ಕೇಳಿದ ಮೊಮ್ಮಗ ದೊಡ್ಡವನಾಗಿದ್ದರೆ, ಆ ಇಬ್ಬರಲ್ಲಿ ಅವನೂ ಒಬ್ಬನಾಗಬಹುದು.